ಕ್ರೀಡಾ ವಿಭಾಗಕ್ಕೆ ಬದಲಿ ಬೇಕು

ನಮ್ಮ ಸಂಘದ ಕಬಡ್ಡಿ ಪಂದ್ಯಾಟವನ್ನು ಈ ಸಲ ಮೂರು ವಾರ ಮುಂದೂಡಬೇಕಾಗಿ ಬಂದ ಸಂಗತಿ ವಾಚಕರಲ್ಲಿ ಬಹುಮಂದಿಗೆ ತಿಳಿದೇ ಇದೆ. ತಿಳಿಯದವರಿಗಾಗಿ ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಕ್ರೀಡಾ ಕಾರ್ಯದರ್ಶಿಗಳಿಗೆ ತಾಯಿಯ ಅಸ್ವಾಸ್ಥ್ಯದ ಸುದ್ದಿ ಬಂದು ಅವರು ರಾತೋರಾತ್ರಿ ಊರಿಗೆ ಹೊರಟುಹೋದರು. ಮೈದಾನದ ಪರವಾನಗಿ ಕಾಗದ ಸಂಘದ ಕಪಾಟಿನಲ್ಲಿತ್ತು. ಕಪಾಟಿನ ಬೀಗದ ಕೈ ಅವರ ಕಿಸೆಯಲ್ಲಿತ್ತು. ಠೇವಣಿಯ ಹಣ ಕಟ್ಟೋಣವೆಂದು ಬ್ಯಾಂಕಿಗೆ ಹೋದರೆ ಚೆಕ್ಕಿಗೆ ಎರಡು ರುಜು ಬೇಕು. ಒಂದು ಊರಿಗೆ ಹೋದವರದು, ಇನ್ನೊಂದು ತೀರಿಕೊಂಡು ಆರು ವರುಷವಾದ ಹಿರಿಯರದು! ಕಾರ್ಯದರ್ಶಿಗಳು ಆಸ್ಪತ್ರೆಯ ಜಗಲಿಯಲ್ಲಿ ನಿಂತೇ ಹತ್ತಾರು ಫೋನುಗಳಿಗೆ ಉತ್ತರ ಹೇಳಿದರು. ಆದರೆ ಬೀಗದೊಳಗಿನ ಕಾಗದವನ್ನು ಫೋನಿನಲ್ಲಿ ಕಳುಹಿಸಲು ಅವರಿಂದ ಹೇಗೆ ಸಾಧ್ಯ? ಠಾಣೆ, ಡೊಂಬಿವಲಿಗಳಿಂದ ಸಂಬಳದ ರಜೆ ಕಳೆದುಕೊಂಡು ಬಂದ ಹುಡುಗರು ಮೈದಾನದ ಹೊರಗೆ ಚಹಾ ಕುಡಿದು ಹಿಂದಿರುಗಿದರು.

ಕಾರ್ಯದರ್ಶಿಗಳನ್ನು ದೂರಲು ನಾವು ಇದನ್ನು ಬರೆಯುತ್ತಿಲ್ಲ. ಇಪ್ಪತ್ತು ವರುಷಗಳಿಂದ ತಂಡಗಳ ಹೆಸರು ಬರೆದುಕೊಂಡವರು, ಗೆರೆಗೆ ಸುಣ್ಣ ಹಾಕಿದವರು, ಪಾರಿತೋಷಕ ಹೊತ್ತು ತಂದವರು, ಕಾಲು ಉಳುಕಿದ ಹುಡುಗನನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದವರು ಅವರೊಬ್ಬರೇ. ನಾವು ಚಪ್ಪಾಳೆ ತಟ್ಟಿದೆವು, ಎರಡು ಸಲ ಶಾಲು ಹೊದಿಸಿದೆವು. ಆ ಲೆಕ್ಕದ ಪುಸ್ತಕ ಬರೆಯುವುದನ್ನು ನನಗೂ ತೋರಿಸಿಕೊಡಿ ಎಂದು ಒಬ್ಬನಾದರೂ ಕೇಳಲಿಲ್ಲ. ಈ ಪತ್ರಿಕೆ ನಡೆಸುವ ನಾವೂ ಅದೇ ಸಮಿತಿಯಲ್ಲಿ ಕುಳಿತವರೇ ಆದುದರಿಂದ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ವಿಷಯವನ್ನು ವಿವರಿಸಬೇಕಾದುದಿಲ್ಲ. ಪಾಳಿಗೆ ಒಬ್ಬ ಬಾರದಿದ್ದರೆ ಗೇಟಿನಲ್ಲಿ ಕಾದು ನಿಂತ ಬದಲಿ ಕೆಲಸಗಾರನನ್ನು ಒಳಕ್ಕೆ ಕರೆಯುತ್ತಿದ್ದರು, ಮಗ್ಗ ನಿಲ್ಲುತ್ತಿರಲಿಲ್ಲ. (ಆ ಪದ್ಧತಿಯಲ್ಲಿ ಅನ್ಯಾಯವೂ ಬೇಕಾದಷ್ಟಿತ್ತು. ವರುಷಗಟ್ಟಲೆ ಬದಲಿಯಾಗಿಯೇ ಉಳಿದವರ ಸಂಕಟವು ೧೯೮೨ರ ಮುಷ್ಕರದ ಕಾಲಕ್ಕೆ ಲೋಕಕ್ಕೆಲ್ಲ ಗೊತ್ತಾಯಿತು.) ಹೋಟೆಲಿನ ಮಾತೂ ಹಾಗೆಯೇ. ದೋಸೆ ಕಾವಲಿಯ ಮುಂದೆ ನಿಲ್ಲುವವನು ತಂಗಿಯ ಮದುವೆಗೆಂದು ಊರಿಗೆ ಹೋದರೆ ಧಣಿಗಳು ಬಾಗಿಲು ಹಾಕುತ್ತಾರೆಯೇ? ಪಕ್ಕದಲ್ಲಿ ಹಿಟ್ಟು ರುಬ್ಬುತ್ತ ನೋಡಿ ಕಲಿತ ಹುಡುಗ ಮರುದಿನ ಬೆಳಿಗ್ಗೆ ಸೌಟು ಹಿಡಿಯುತ್ತಾನೆ. ಹೊಟ್ಟೆಪಾಡಿನ ಕೆಲಸದಲ್ಲಿ ಇಷ್ಟು ಚೆನ್ನಾಗಿ ತಿಳಿದ ಸಂಗತಿಯನ್ನು ಸಂಘದ ಕೆಲಸಕ್ಕೆ ಬಂದಾಗ ನಾವು ಮರೆತುಬಿಟ್ಟಿದ್ದೇವೆ.

ಕಬಡ್ಡಿಯ ನಿಯಮಗಳನ್ನೇ ನೋಡಿರಿ. ಒಂದು ತಂಡಕ್ಕೆ ಏಳು ಮಂದಿ, ಎರಡು ಕಡೆ ಸೇರಿ ಹದಿನಾಲ್ಕು ಮಂದಿ ಕಣದಲ್ಲಿರುತ್ತಾರೆ. ಅವರನ್ನು ಆಡಿಸಲು ಒಬ್ಬ ರೆಫರಿ, ಇಬ್ಬರು ಅಂಪೈರುಗಳು, ಒಬ್ಬ ಸ್ಕೋರರ್, ಅವನಿಗೆ ಇಬ್ಬರು ಸಹಾಯಕರು, ಹೀಗೆ ಆರು ಮಂದಿ ಬೇಕು. ಇದಲ್ಲದೆ ಪ್ರತಿ ತಂಡವೂ ಐದು ಮಂದಿ ಬದಲಿ ಆಟಗಾರರನ್ನು ಹೊರಗೆ ಕೂರಿಸಿಕೊಳ್ಳುತ್ತದೆ. ನಮ್ಮಲ್ಲಿ ಆಡುವ ಹುಡುಗರಿಗೆ ಬರವಿಲ್ಲ. ಆದರೆ ನಿಯಮ ಓದಿ, ಪರೀಕ್ಷೆ ಕೊಟ್ಟು, ಸೀಟಿ ಹಿಡಿದು ನಿಲ್ಲಬಲ್ಲವರು ನಮ್ಮ ಸಂಘದಲ್ಲಿ ಈಗ ಇಬ್ಬರೇ. ಉಳಿದ ನಾಲ್ವರನ್ನು ಪ್ರತಿ ವರುಷವೂ ಹೊರಗಿನಿಂದ ಬೇಡಿ ತರುತ್ತೇವೆ. ಪಾರಿತೋಷಕ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ. ಆ ಹಣದಲ್ಲಿ ಆರು ಮಂದಿ ತರುಣರನ್ನು ರೆಫರಿ ಪರೀಕ್ಷೆಗೆ ಕೂರಿಸಬೇಕೆಂಬುದು ನಮ್ಮ ಮೊದಲನೆಯ ಸೂಚನೆ. ಅವರಲ್ಲಿ ಇಬ್ಬರಾದರೂ ನಮ್ಮ ಮನೆಗಳ ಹೆಣ್ಣುಮಕ್ಕಳಿರಲಿ. ಹುಡುಗಿಯರ ತಂಡ ಕಟ್ಟುವ ಮಾತು ನಾಲ್ಕು ವರುಷದಿಂದ ಗೊತ್ತುವಳಿಯಲ್ಲೇ ಉಳಿದಿದೆ.

ಇನ್ನು ಕಾಗದಪತ್ರದ ಸಂಗತಿ. ಬೇಸರದ ವಿಷಯವೆಂದು ಪುಟ ಮಗುಚಬೇಡಿರಿ. ನಮ್ಮಂತಹ ಸಂಸ್ಥೆಗಳು ೧೯೫೦ರ ಮುಂಬಯಿ ಪಬ್ಲಿಕ್ ಟ್ರಸ್ಟ್ ಕಾಯಿದೆಗೆ ಒಳಪಟ್ಟಿವೆ. ಈಗ ಅದಕ್ಕೆ ಮಹಾರಾಷ್ಟ್ರದ ಹೆಸರು. ಪದಾಧಿಕಾರಿಗಳು ಬದಲಾದರೆ ತೊಂಬತ್ತು ದಿನಗಳೊಳಗೆ ಚಾರಿಟಿ ಕಮಿಷನರರ ಕಚೇರಿಗೆ ಬದಲಾವಣೆಯ ವರದಿ ಕೊಡಬೇಕೆಂದು ಅದರಲ್ಲಿದೆ. ಹಿರಿಯರು ತೀರಿಕೊಂಡಾಗ ನಾವು ಸಂತಾಪ ಸಭೆ ನಡೆಸಿದೆವು, ಭಾವಚಿತ್ರಕ್ಕೆ ಹಾರ ಹಾಕಿದೆವು, ವರದಿ ಮಾತ್ರ ಕೊಡಲಿಲ್ಲ. ಬ್ಯಾಂಕಿನ ಗುಮಾಸ್ತರು ನಮ್ಮನ್ನು ವಾಪಸು ಕಳುಹಿಸಿದುದರಲ್ಲಿ ಅವರ ತಪ್ಪೇನೂ ಇಲ್ಲ.

ದೊಡ್ಡ ಸಂಸ್ಥೆಗಳಲ್ಲಿಯೂ ಇದೇ ರೋಗ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ. ದೇಶದ ಕಬಡ್ಡಿ ಫೆಡರೇಶನ್ನಿನಲ್ಲಿ ಅಧಿಕಾರವೆಲ್ಲ ಬಹುಕಾಲ ಒಂದೇ ಮನೆತನದಲ್ಲಿ ನಿಂತುಹೋಗಿ, ಆಜೀವ ಅಧ್ಯಕ್ಷ ಎಂಬ ಪದವಿಯೂ ಹುಟ್ಟಿಕೊಂಡಿತ್ತು. ೨೦೧೮ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿ ಆಡಳಿತಾಧಿಕಾರಿಯೊಬ್ಬರನ್ನು ನೇಮಿಸಿತು. ಚುನಾಯಿತರ ಕೈಗೆ ಆಡಳಿತ ಮರಳಲು ೨೦೨೫ರ ತನಕ ಕಾಯಬೇಕಾಯಿತು. ೧೯೯೦ರಿಂದ ಏಳು ಏಷ್ಯನ್ ಕ್ರೀಡೆಗಳಲ್ಲಿ ಒಂದೇ ಸಮನೆ ಚಿನ್ನ ಗೆದ್ದ ಪುರುಷರ ತಂಡ ಮೊದಲ ಸಲ ಚಿನ್ನ ಕಳೆದುಕೊಂಡುದೂ ೨೦೧೮ರಲ್ಲಿಯೇ, ಇರಾನಿನ ಎದುರು. ಅದಕ್ಕೂ ಇದಕ್ಕೂ ಗಂಟು ಹಾಕಲು ನಾವು ಹೋಗುವುದಿಲ್ಲ. ಇರಾನಿನ ಹುಡುಗರು ಚೆನ್ನಾಗಿಯೇ ಆಡಿದರು. ಸಂಸತ್ತು ೨೦೨೫ರಲ್ಲಿ ಅಂಗೀಕರಿಸಿದ ಕ್ರೀಡಾ ಆಡಳಿತ ಕಾಯಿದೆಯಂತೆ ರಾಷ್ಟ್ರೀಯ ಫೆಡರೇಶನ್ನುಗಳ ಕಾರ್ಯಕಾರೀ ಸಮಿತಿ ಹದಿನೈದು ಮಂದಿಯನ್ನು ಮೀರಬಾರದು, ಅದರಲ್ಲಿ ನಾಲ್ವರಾದರೂ ಮಹಿಳೆಯರಿರಬೇಕು, ಆಟಗಾರರಿಗೂ ಸ್ಥಾನವಿರಬೇಕು. ನಮ್ಮಂತಹ ಚಿಕ್ಕ ಸಂಘಕ್ಕೆ ಆ ಕಟ್ಟು ಇಲ್ಲ. ನಾವಾಗಿಯೇ ಅದನ್ನು ಹಾಕಿಕೊಂಡರೆ ತಡೆಯುವವರೂ ಇಲ್ಲ.

ಮೈದಾನದ ಮಾತು ಬೇರೆಯೇ ಇದೆ. ಗಿರಣಗಾಂವಿನಲ್ಲಿ ಹಿಂದೆ ಚಾಳಿನ ಮುಂದಿನ ಬಯಲೇ ಕಣವಾಗಿತ್ತು. ಅರ್ಜಿ ಕೊಡಬೇಕಾದ ಸಂದರ್ಭ ಬರುತ್ತಿರಲಿಲ್ಲ. ಗಿರಣಿಗಳು ಮುಚ್ಚಿದ ಮೇಲೆ ಅವುಗಳ ಜಮೀನಿನಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಸಾರ್ವಜನಿಕ ಬಯಲಿಗೆ ಸಿಗಬೇಕೆಂದು ೧೯೯೧ರ ನಿಯಮವಿತ್ತು. ೨೦೦೧ರ ತಿದ್ದುಪಡಿಯಿಂದ ಆ ಲೆಕ್ಕ ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರವೆಂದಾಯಿತು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ನಮ್ಮ ಹುಡುಗರ ಪಾಲಿಗೆ ಬರಬಹುದಾಗಿದ್ದ ಬಯಲು ಹಾಗೆ ಕರಗಿತು. ಉಳಿದಿರುವ ನಾಲ್ಕಾರು ಮೈದಾನಗಳಿಗೆ ಹತ್ತು ಸಂಘಗಳ ಕಣ್ಣು. ಅಲ್ಲಿ ರಶೀದಿ, ನೋಂದಣಿ ಪತ್ರ, ತಪಾಸಣೆಯಾದ ಲೆಕ್ಕ ಇವನ್ನೆಲ್ಲ ಕೈಯಲ್ಲಿ ಹಿಡಿದು ಹೋದವರ ಅರ್ಜಿಗೆ ಬೆಲೆ.

ಇನ್ನೊಂದು ಸಂಗತಿಯನ್ನು ಹೋಟೆಲಿನ ಬಾಂಧವರ ಪರವಾಗಿ ಹೇಳದೆ ಇರಲಾರೆವು. ನಮ್ಮ ಪಂದ್ಯಾಟಗಳೆಲ್ಲ ಭಾನುವಾರ ನಡೆಯುತ್ತವೆ. ಇದು ಗಿರಣಿಯ ಕಾಲದಿಂದ ಬಂದ ರೂಢಿ. ಹೋಟೆಲಿನವನಿಗೆ ಭಾನುವಾರವೇ ಹೆಚ್ಚಿನ ಗಿರಾಕಿಯ ದಿನ. ವಾರಕ್ಕೊಂದು ರಜೆ ೧೯೪೮ರ ಕಾಯಿದೆಯಲ್ಲಿಯೂ ಇತ್ತು, ೨೦೧೭ರ ಕಾಯಿದೆಯಲ್ಲಿಯೂ ಇದೆ. ಆದರೆ ಅವನಿಗೆ ಅದು ಸಿಗುವುದು ಸೋಮವಾರವೋ ಬುಧವಾರವೋ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಆರಂಭವಾಗುವ ತನಕ ಎರಡು ತಾಸು ಬಿಡುವೂ ಇರುತ್ತದೆ. ನಲುವತ್ತು ನಿಮಿಷದ ಆಟ ಆ ಬಿಡುವಿನಲ್ಲಿ ಮುಗಿಯುವುದಿಲ್ಲವೇ? ಯಾರಿಗೆ ಯಾವ ದಿನ ರಜೆಯೆಂದು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಇದುವರೆಗೆ ಯಾರೂ ಮಾಡಿಲ್ಲ. ಹತ್ತು ಹೋಟೆಲುಗಳನ್ನು ಸುತ್ತಿ ಬಂದರೆ ಒಂದು ವಾರದಲ್ಲಿ ಆಗುವ ಕೆಲಸವಿದು.

ಬರುವ ಮಹಾಸಭೆಯ ಮುಂದೆ ಒಂದು ಸೂಚನೆ ಬರಲಿದೆಯೆಂದು ತಿಳಿದಿದ್ದೇವೆ. ಪ್ರಾಯೋಜಕರೊಬ್ಬರು ಪಂದ್ಯಾಟವನ್ನು ಪೂರ್ತಿಯಾಗಿ ತಾವೇ ವಹಿಸಿಕೊಂಡು ಮ್ಯಾಟು, ದೀಪ, ಜಾಹೀರಾತು, ರೆಫರಿಗಳು ಎಲ್ಲವನ್ನೂ ತರುತ್ತಾರಂತೆ. ಈ ಸಲದ ಅವಮಾನದ ನಂತರ ಕೆಲವರಿಗೆ ಇದು ಹಿತವಾಗಿ ಕಂಡರೆ ಆಶ್ಚರ್ಯವಿಲ್ಲ. ಅವರ ಹಣ ಬರಲಿ, ಮ್ಯಾಟು ಬರಲಿ, ಬ್ಯಾನರಿನಲ್ಲಿ ಹೆಸರೂ ಇರಲಿ. ಆದರೆ ತಂಡಗಳ ಪಟ್ಟಿ, ಜಮಾಖರ್ಚು, ಮೈದಾನದ ಅರ್ಜಿ, ಸೀಟಿ ಈ ನಾಲ್ಕು ನಮ್ಮ ಕೈಯಲ್ಲಿಯೇ ಇರಬೇಕೆಂದು ನಾವು ವಾದಿಸುತ್ತೇವೆ. ಎರಡು ವರುಷ ಬಿಟ್ಟು ಅವರು ಬೇರೆ ಕಡೆ ಹೋದರೆ ನಮ್ಮಲ್ಲಿ ಸುಣ್ಣದ ಗೆರೆ ಎಳೆಯಲು ಬಲ್ಲವನೂ ಉಳಿದಿರಲಾರ.

ಆದುದರಿಂದ ಪ್ರತಿ ಹುದ್ದೆಗೂ ಒಬ್ಬ ಬದಲಿಯನ್ನು ಈ ಮಹಾಸಭೆಯಲ್ಲಿಯೇ ಆರಿಸಬೇಕು. ಅವನು ಒಂದು ವರುಷ ಜೊತೆಗೆ ಕುಳಿತು ಕೆಲಸ ಕಲಿಯಲಿ. ಕಪಾಟಿನ ಎರಡನೆಯ ಬೀಗದ ಕೈ ಅವನಲ್ಲಿರಲಿ. ಚೆಕ್ಕಿಗೆ ಮೂವರ ರುಜು ಬ್ಯಾಂಕಿಗೆ ಕೊಟ್ಟು, ಯಾರಾದರಿಬ್ಬರದು ಸಾಕೆಂದು ಗೊತ್ತುಮಾಡೋಣ. ಮೂರು ವರುಷವಾದ ಮೇಲೆ ಕಾರ್ಯದರ್ಶಿಗಳು ಬದಲಿಗೆ ಸ್ಥಾನ ಬಿಟ್ಟು ಸಲಹೆಗಾರರಾಗಿ ಇರಲಿ. ಈಗಿನ ಕಾರ್ಯದರ್ಶಿಗಳೊಡನೆ ಈ ಮಾತನ್ನು ಆಡಿದೆವು. ಒಂದು ಗಳಿಗೆ ಸುಮ್ಮನಿದ್ದು, ‘ಇದನ್ನು ಹತ್ತು ವರುಷದ ಹಿಂದೆ ಹೇಳಿದ್ದರೆ ನಾನು ನನ್ನ ಮಗನ ಶಾಲೆಯ ವಾರ್ಷಿಕೋತ್ಸವವನ್ನಾದರೂ ನೋಡುತ್ತಿದ್ದೆನಲ್ಲ’ ಎಂದರು. ಅವರ ತಾಯಿಯವರು ಈಗ ಚೇತರಿಸಿಕೊಂಡಿದ್ದಾರೆ.

ಮಹಾಸಭೆ ಬರುವ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಹೋಟೆಲಿನವರ ಬಿಡುವು ನೋಡಿಯೇ ಗೊತ್ತುಮಾಡಲಾಗಿದೆ. ಐದು ಗಂಟೆಯೊಳಗೆ ಮುಗಿಸುತ್ತೇವೆ. ವರ್ಗಣಿ ಬಾಕಿ ಇರುವವರೂ ಬರಬಹುದು; ಬಾಗಿಲಲ್ಲಿಯೇ ರಶೀದಿ ಕೊಡುವ ಏರ್ಪಾಡಿದೆ.