ಗಣಿಯ ಆಳದಿಂದ ಒಂದು ಲೆಕ್ಕ

ಸಿ ಭಾಷೆಯನ್ನು ಕಲಿಯತೊಡಗಿದ ವಿದ್ಯಾರ್ಥಿಗಳು ಬಹುಬೇಗ ಒಂದು ತಡೆಗೆ ಮುಟ್ಟುತ್ತಾರೆ. 1,500 ಸಾಲು, 1,500 ಕಂಬಗಳುಳ್ಳ ಪೂರ್ಣಾಂಕಗಳ ಅರೇ ಒಂದನ್ನು ಫಂಕ್ಷನ್ನಿನ ಒಳಗೆ ಘೋಷಿಸಿದರೆ ಪ್ರೋಗ್ರಾಮು ನಿರಾತಂಕವಾಗಿ ಕಂಪೈಲ್ ಆಗುತ್ತದೆ. ಅರೇಯನ್ನು ತುಂಬಲು ಹೊರಟೊಡನೆ ‘ಸೆಗ್‌ಮೆಂಟೇಷನ್ ಫಾಲ್ಟ್’ ಎಂದು ನಿಂತುಬಿಡುತ್ತದೆ. ಕಾರಣ ಸರಳವಾದುದು. ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಪೂರ್ಣಾಂಕವೊಂದಕ್ಕೆ 4 ಬೈಟು. ಒಟ್ಟು 90 ಲಕ್ಷ ಬೈಟು. ಫಂಕ್ಷನ್ನಿನ ಒಳಗಿನ ಅರೇಗಳು ನೆಲೆಸುವ ಸ್ಟ್ಯಾಕ್ ಎಂಬ ಭಾಗಕ್ಕೆ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ದೊರೆಯುವುದು 83,88,608 ಬೈಟು. ವಿಂಡೋಸ್‌ನಲ್ಲಿ ಅದರ ಎಂಟನೆಯ ಒಂದು ಪಾಲು ಮಾತ್ರ.

ಇದಕ್ಕೆ ಹೇಳಿಕೊಡುವ ಪರಿಹಾರಗಳು ಎಲ್ಲರಿಗೂ ತಿಳಿದವೇ. ಅರೇಯನ್ನು ಫಂಕ್ಷನ್ನಿನ ಹೊರಗಿಡಿರಿ. ಇಲ್ಲವೇ ಮ್ಯಾಲಕ್ ಮೂಲಕ ಹೀಪ್‌ನಿಂದ ಸ್ಥಳ ಪಡೆಯಿರಿ. ಅದೂ ಸಾಲದಾದರೆ ಹೆಚ್ಚು ಸ್ಮೃತಿಯುಳ್ಳ ಯಂತ್ರವನ್ನು ಕೊಳ್ಳಿರಿ. ಮೊದಲಿನ ಎರಡು ಯೋಗ್ಯವಾದ ಸಲಹೆಗಳೇ. ಮೂರನೆಯದನ್ನು ಕೇಳಿದ ಬಡ ವಿದ್ಯಾರ್ಥಿಯು ವಿಜ್ಞಾನದ ದೊಡ್ಡ ಲೆಕ್ಕಗಳು ತನಗಲ್ಲವೆಂದು ತಿಳಿದು ಹಿಂಜರಿದರೆ, ಆ ನಷ್ಟ ಅವನೊಬ್ಬನದಲ್ಲ. ಸ್ಥಳವನ್ನು ಬೇಡುವ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಈ ಇಡೀ ಕೋಷ್ಟಕವು ಏಕಕಾಲದಲ್ಲಿ ಸ್ಮೃತಿಯಲ್ಲಿರಲೇಬೇಕೆ?

ನಿದರ್ಶನಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಮಿಗೆ ಸಾಗುವ ಕವಲು ರೈಲುದಾರಿಯಲ್ಲಿ ನಿತ್ಯವೂ ಓಡಾಡುವ ವಿದ್ಯಾರ್ಥಿಗಳು 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳನ್ನು ಬಲ್ಲರು. ಅವುಗಳ ಆಳದಲ್ಲಿ ನಡೆದ ಭೌತವಿಜ್ಞಾನವನ್ನು ಬಲ್ಲವರು ಕಡಮೆ. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಇಲ್ಲಿ ದೊರೆಯಿತು. 1980ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳೊಡನೆ ಸೇರಿ, ಪ್ರೋಟಾನು ಎಂದಾದರೂ ಕ್ಷಯಿಸುವುದೇ ಎಂದು ನೋಡಲು ಸುಮಾರು 2,300 ಮೀಟರ್ ಆಳದಲ್ಲಿ ಉಪಕರಣವೊಂದನ್ನು ಅಣಿಗೊಳಿಸಿದರು. ಸುಮಾರು 140 ಟನ್ ತೂಕದ ಅದರಲ್ಲಿ ಕಬ್ಬಿಣದ ಹಲಗೆಗಳ ನಡುವೆ 34 ಪದರಗಳಾಗಿ ಸುಮಾರು 1,600 ಎಣಿಕೆಗೊಳವೆಗಳಿದ್ದವು.

ಈಗ ಲೆಕ್ಕ ಹಾಕೋಣ. ಪ್ರತಿ ಸೆಕೆಂಡಿಗೆ ಒಂದು ಸಾಲು, ಪ್ರತಿ ಗೊಳವೆಗೆ ಒಂದು ಮನೆ ಎಂದು ಅರೇಯನ್ನು ಕಟ್ಟಿದರೆ, ಒಂದು ದಿನಕ್ಕೆ 86,400 ಸಾಲು, 13,82,40,000 ಮನೆ, 55 ಕೋಟಿಗೂ ಮೀರಿದ ಬೈಟು. ಸೆಕೆಂಡು ಎಂಬುದೂ ಉದಾರವಾದ ಅಳತೆ. ಕಣಗಳ ವೇಗಕ್ಕೆ ಅದು ಯುಗಕ್ಕೆ ಸಮಾನ. ಆದರೆ ಮೇಲಿನ ಬಂಡೆಯೆಲ್ಲವನ್ನೂ ಭೇದಿಸಿ ಅಷ್ಟು ಆಳಕ್ಕೆ ಇಳಿಯುವ ಮ್ಯೂಆನ್ ಕಣಗಳು ದಿನವೊಂದಕ್ಕೆ ಬೆರಳಲ್ಲಿ ಎಣಿಸುವಷ್ಟು. ಬಂಡೆಯ ಸಹಜ ವಿಕಿರಣದಿಂದ ಬಿಡಿಗೊಳವೆಗಳಲ್ಲಿ ಮಿಡಿತಗಳು ಏಳುವುದುಂಟು; ಹಲವು ಪದರಗಳು ಒಟ್ಟಿಗೆ ಮಿಡಿದಾಗ ಮಾತ್ರ ದಾಖಲಿಸುವ ಏರ್ಪಾಡು ಅವನ್ನು ತಡೆಯುತ್ತಿತ್ತು. ನಾವೂ ಹಾಗೆಯೇ ಮಾಡಿ, ಕಾಲ, ಗೊಳವೆಯ ಸಂಖ್ಯೆ, ಮಿಡಿತದ ಪ್ರಮಾಣ ಈ ಮೂರನ್ನೇ 12 ಬೈಟುಗಳಲ್ಲಿ ಬರೆದಿಡುವೆವೆನ್ನಿ. 34 ಪದರಗಳನ್ನೂ ದಾಟಿದ ಕಣವೊಂದಕ್ಕೆ ಸುಮಾರು 408 ಬೈಟು; ಅಂತಹ ಹತ್ತಕ್ಕೆ 4,080. ಅದೇ ಸಂಸ್ಥೆಯು 1960ರಲ್ಲಿ ನಡೆಸತೊಡಗಿದ ಟಿಫ್ರಾಕ್ ಗಣಕಯಂತ್ರದ ಮುಖ್ಯ ಸ್ಮೃತಿಯು 40 ಬಿಟ್ಟುಗಳ 2,048 ಪದಗಳು, ಎಂದರೆ 10,240 ಬೈಟು. ದಿನವಿಡೀ ದೊರೆತ ಫಲವು ಅದರಲ್ಲಿಯೂ ಹಿಡಿಸುತ್ತಿತ್ತು!

ಕಡತವು ದೊಡ್ಡದಾದಾಗಲೂ ಇದೇ ಕ್ರಮ. ಗಣಿಗಾರರು ಅದಿರನ್ನೆಲ್ಲ ಒಮ್ಮೆಗೇ ಮೇಲಕ್ಕೆ ತರಲಿಲ್ಲ. ತೊಟ್ಟಿ ತೊಟ್ಟಿಯಾಗಿ ಎತ್ತಿ, ಅರೆದು, ಚಿನ್ನವನ್ನು ಇರಿಸಿಕೊಂಡು ಉಳಿದುದನ್ನು ಹೊರಗೆ ಸುರಿದರು. ಸರಾಸರಿಯನ್ನೋ ಗರಿಷ್ಠವನ್ನೋ ಕಂಡುಹಿಡಿಯಲು ಒಂದು ಸಾವಿರ ಸಂಖ್ಯೆಗಳ ಅರೇ ಸಾಕು: ತುಂಬಿ, ಲೆಕ್ಕಿಸಿ, ಮತ್ತೆ ಅದನ್ನೇ ತುಂಬಬಹುದು.

ಎಲ್ಲ ಕೆಲಸಗಳೂ ಇಷ್ಟು ಸುಲಭವಲ್ಲ ಎಂಬ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ದೊಡ್ಡ ಮಾತೃಕೆಗಳ ಗುಣಾಕಾರದಲ್ಲಿ ಸೊನ್ನೆಗಳು ವಿರಳ. ಎಲ್ಲ ಮನೆಗಳೂ ಬೇಕು. ಅಲ್ಲಿ ಹೀಪನ್ನು ಆಶ್ರಯಿಸಲೇಬೇಕು, ಅದೂ ಎಚ್ಚರದಿಂದ. 50,000ವನ್ನು 50,000ದಿಂದ ಗುಣಿಸಿದರೆ 250 ಕೋಟಿ. ಸಾಮಾನ್ಯ ಪೂರ್ಣಾಂಕದ ಮಿತಿಯು 214,74,83,647. ಗುಣಲಬ್ಧವೇ ಕೆಟ್ಟಮೇಲೆ ಮ್ಯಾಲಕ್ ಏನು ಮಾಡೀತು? ಗಾತ್ರಗಳಿಗೆಂದೇ ಇರುವ ಸೈಜ್-ಟಿ ಜಾತಿಯಲ್ಲಿ ಗುಣಿಸಬೇಕು. ಹಿಂದಿರುಗಿದ ವಿಳಾಸವು ನಲ್ ಅಲ್ಲವೆಂದು ನೋಡಬೇಕು. ಲಿನಕ್ಸ್‌ನಲ್ಲಿ ಇಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಅದು ಸ್ಥಳಕ್ಕೆ ಮೊದಲು ಬರಿಯ ವಾಗ್ದಾನವನ್ನಿತ್ತು, ಬರೆಯಹೊರಟಾಗ ನಿಜವಾದ ಪುಟಗಳನ್ನು ಕೊಡುತ್ತದೆ. ಆಗ ಸಾಲದೆ ಬಂದರೆ ಪ್ರೋಗ್ರಾಮನ್ನೇ ಕೊಲ್ಲಬಹುದು. ಆದುದರಿಂದ ಅಂತಹ ಮಾತೃಕೆಯನ್ನು ಡಿಸ್ಕಿನ ಕಡತದಲ್ಲಿಟ್ಟು, ನೂರು ಸಾಲು ನೂರು ಕಂಬಗಳ ತುಂಡುಗಳಾಗಿ ತರಿಸಿಕೊಂಡು ಗುಣಿಸುವ ಕ್ರಮವನ್ನು ಎರಡನೆಯ ವರ್ಷದ ಪ್ರಯೋಗಶಾಲೆಯಲ್ಲಿಯೇ ಕಲಿಸತಕ್ಕದ್ದು. ಪೂರ್ಣಾಂಕಗಳ ಅಂತಹ ತುಂಡೊಂದಕ್ಕೆ ಬೇಕಾದುದು 40,000 ಬೈಟು.