ನೀವು ಬರೆದ ಬಟನ್ ಬಾಯಿ ಬಿಡುವುದಿಲ್ಲ

ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುತ್ತಿರುವ ಗೆಳೆಯರೇ, ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ವಿಂಡೋಸ್ ಇರಲಿ, ಮ್ಯಾಕ್ ಇರಲಿ, ಒಂದು ಸಿದ್ಧ ಬಟನ್ ಕೊಟ್ಟೇ ಕೊಡುತ್ತದೆ. ಅದು ಚೆನ್ನಾಗಿ ಕಾಣುವುದಿಲ್ಲ ಎಂದು ಪಕ್ಕಕ್ಕೆ ಸರಿಸಿ ನಿಮ್ಮದೇ ಬಟನ್ ಬಿಡಿಸಿದಿರಲ್ಲ, ಆ ಹಳೆಯದು ಏನೇನು ಕೆಲಸ ಮಾಡುತ್ತಿತ್ತು ಎಂದು ಒಮ್ಮೆಯಾದರೂ ವಿಚಾರಿಸಿದಿರಾ?

ಟ್ಯಾಬ್ ಒತ್ತುತ್ತಾ ಹೋದರೆ ಸರದಿ ಅದರ ಬಳಿ ಬಂದು ನಿಲ್ಲುತ್ತಿತ್ತು. ಬಂದದ್ದು ಗೊತ್ತಾಗಲೆಂದು ಸುತ್ತ ಒಂದು ಗೆರೆ ಮೂಡುತ್ತಿತ್ತು. ಮೌಸ್ ಸಿಗದವರು, ಕೈ ನಡುಗುವವರು ಸ್ಪೇಸ್ ಬಾರ್ ಒತ್ತಿದರೆ ಸಾಕಿತ್ತು. ಮೌಸ್ ಒತ್ತಿ ಹಿಡಿದ ಮೇಲೆ ಮನಸ್ಸು ಬದಲಾದರೆ ಪಕ್ಕಕ್ಕೆ ಜಾರಿಸಿ ಬಿಟ್ಟರಾಯಿತು, ಏನೂ ಆಗುತ್ತಿರಲಿಲ್ಲ. ಮಂದದೃಷ್ಟಿಯವರು ಹೈ ಕಾಂಟ್ರಾಸ್ಟ್ ಹಾಕಿಕೊಂಡಿದ್ದರೆ ತಾನೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಕೇಳಿದವರಿಗೆ ಅದು ತನ್ನ ಗುರುತು ಹೇಳುತ್ತಿತ್ತು: ನಾನು ಬಟನ್, ನನ್ನ ಹೆಸರು ‘ಪಾವತಿಸಿ’, ಸದ್ಯಕ್ಕೆ ನನ್ನನ್ನು ಒತ್ತಬಹುದು.

ಹಾಗೆ ಕೇಳುವುದು ಸ್ಕ್ರೀನ್ ರೀಡರ್. ಪರದೆ ಕಾಣದವರ ಪರವಾಗಿ ಪ್ರತಿಯೊಂದು ಬಟನ್ನನ್ನೂ ಪೆಟ್ಟಿಗೆಯನ್ನೂ ಮಾತಾಡಿಸಿ, ಉತ್ತರವನ್ನು ಗಟ್ಟಿಯಾಗಿ ಓದುವ ತಂತ್ರಾಂಶ. ವಿಂಡೋಸ್‌ನಲ್ಲಿ ಈ ಮಾತುಕತೆಗೆ 1997ರಲ್ಲೇ ಒಂದು ಕಟ್ಟುಪಾಡು ಬಂತು. ಆಸ್ಟ್ರೇಲಿಯಾದ ಮೈಕಲ್ ಕರನ್, ಸ್ವತಃ ದೃಷ್ಟಿ ಇಲ್ಲದವರು, 2006ರಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬರೆಯಲು ಕೂತರು. ಅದು ಇವತ್ತಿಗೂ ಉಚಿತ, ಇ-ಸ್ಪೀಕ್ ಧ್ವನಿಯ ಮೂಲಕ ಕನ್ನಡವನ್ನೂ ಓದುತ್ತದೆ. ದುಡ್ಡಿಲ್ಲದ ಮನೆಯ ಅಂಧ ಹುಡುಗಿಗೂ ಕಂಪ್ಯೂಟರ್ ದಕ್ಕಿದ್ದು ಇಂಥವರ ದುಡಿಮೆಯಿಂದ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷಕ್ಕೂ ಮೇಲೆ.

ಅವರಲ್ಲಿ ಒಬ್ಬರು ನಿಮ್ಮ ಪ್ರೋಗ್ರಾಂ ತೆರೆಯುತ್ತಾರೆ. ಎನ್‌ವಿಡಿಎ ಕೇಳುತ್ತದೆ, ಇಲ್ಲಿ ಏನಿದೆ? ಉತ್ತರವಿಲ್ಲ. ನೀವು ಬಿಡಿಸಿದ್ದು ಬಣ್ಣ ತುಂಬಿದ ಒಂದು ಚೌಕ, ಅದರ ಮೇಲೊಂದಿಷ್ಟು ಅಕ್ಷರದ ಆಕಾರ. ಆಪರೇಟಿಂಗ್ ಸಿಸ್ಟಂ ಪಾಲಿಗೆ ಅದು ಬರೀ ಚುಕ್ಕೆಗಳ ರಾಶಿ. ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದು, ಒಳಗೆ ಬನ್ನಿ ಎಂದು ಕರೆದ ಹಾಗಾಯಿತು.

ಸಿಸ್ಟಂ ಕೊಟ್ಟ ಬಟನ್ನೋ, ತಾನೇ ಬಿಡಿಸಿದ್ದೋ ಎಂಬ ಈ ಜಗಳ ಹಳೆಯದು. 1996ರಲ್ಲಿ ಜಾವಾದ ಮೊದಲ ಆವೃತ್ತಿಯ ಜೊತೆ ಬಂದ ಎಡಬ್ಲ್ಯೂಟಿ ಎಂಬ ಟೂಲ್‌ಕಿಟ್ (ಬಟನ್, ಮೆನುಗಳನ್ನು ಕಟ್ಟಿಕೊಡುವ ಸಲಕರಣೆ), ಆಯಾ ಸಿಸ್ಟಂನ ಬಟನ್ನನ್ನೇ ಬಳಸುತ್ತಿತ್ತು. ಎಲ್ಲ ಸಿಸ್ಟಂಗಳಿಗೂ ಸಮಾನವಾಗಿ ಇದ್ದಷ್ಟನ್ನೇ ಕೊಡಬೇಕಾಗಿ ಬಂದು ತೀರಾ ಬಡವಾಯಿತು. ಒಂದು ಕಡೆ ಸರಿಯಿದ್ದದ್ದು ಇನ್ನೊಂದು ಕಡೆ ಕೆಡುತ್ತಿತ್ತು. ಬೇಸತ್ತು 1998ರಲ್ಲಿ ಸ್ವಿಂಗ್ ತಂದರು. ಬಟನ್, ಪಟ್ಟಿ, ಮೆನು ಎಲ್ಲವನ್ನೂ ಅದು ತಾನೇ ಬಿಡಿಸಿತು. ಎಲ್ಲ ಕಡೆ ಒಂದೇ ರೂಪ ಬಂತು ನಿಜ, ಆದರೆ ವಿಂಡೋಸ್‌ನ ಸ್ಕ್ರೀನ್ ರೀಡರ್‌ಗೆ ಸ್ವಿಂಗ್‌ನ ಕಿಟಕಿ ಖಾಲಿ ಹಾಳೆ. ನಡುವೆ ‘ಆಕ್ಸೆಸ್ ಬ್ರಿಡ್ಜ್’ ಎಂಬ ಸೇತುವೆ ಕಟ್ಟಿದರೂ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. 2012ರಲ್ಲಿ ಜಾವಾದೊಳಗೇ ಸೇರಿಸಿದರು, ಆಗಲೂ ಬಳಸುವವರೇ ಅದನ್ನು ಹುಡುಕಿ ಚಾಲೂ ಮಾಡಬೇಕು. ಯಾರಿಗೆ ಪರದೆ ಕಾಣುವುದಿಲ್ಲವೋ ಅವರೇ ಸೆಟ್ಟಿಂಗ್ ಹುಡುಕಬೇಕಂತೆ! ಲಿನಕ್ಸ್ ಲೋಕದ ಜಿಟಿಕೆಯ ಕಥೆ ಇದಕ್ಕಿಂತ ಬೇಸರದ್ದು. ತೊಂಬತ್ತರ ದಶಕದಲ್ಲಿ ಹುಟ್ಟಿದ ಈ ಟೂಲ್‌ಕಿಟ್, ಆಕ್ಸೆಸ್‌ಕಿಟ್ ಎಂಬ ಲೈಬ್ರರಿ ಜೋಡಿಸಿಕೊಂಡು ವಿಂಡೋಸ್‌ನ ಸ್ಕ್ರೀನ್ ರೀಡರ್ ಜೊತೆ ಮಾತಾಡಲು ಹೊರಟದ್ದು 2025ರ 4.18ನೇ ಆವೃತ್ತಿಯಲ್ಲಿ.

ಹಾಗಂತ ತಾನೇ ಬಿಡಿಸುವುದು ಪಾಪವೇನಲ್ಲ. ನಾರ್ವೆಯಲ್ಲಿ ಹುಟ್ಟಿದ ಕ್ಯೂಟಿ ಎಂಬ ಟೂಲ್‌ಕಿಟ್ 1995ರಿಂದಲೂ ಬಟನ್‌ಗಳನ್ನು ತಾನೇ ಬಿಡಿಸುತ್ತಾ ಬಂದಿದೆ. ಜೊತೆಗೆ, ಸ್ಕ್ರೀನ್ ರೀಡರ್‌ಗೆ ಉತ್ತರ ಹೇಳುವ ಹೊಣೆಯನ್ನೂ ಹೊತ್ತಿದೆ. ಆಟದ ಕಂಪನಿಗಳಿಗೆ ಪ್ರಿಯವಾದ ಡಿಯರ್ ಇಮ್‌ಗುಯಿ ಆ ಹೊಣೆ ಹೊರುವುದಿಲ್ಲ. ಆದರೆ ಅದನ್ನು ಮಾಡಿದವರು ಪ್ರಾಮಾಣಿಕರು: ಇದು ಪ್ರೋಗ್ರಾಮರ್‌ಗಳ ಒಳಬಳಕೆಯ ಸಾಧನಗಳಿಗೆ, ಇದರಲ್ಲಿ ಆಕ್ಸೆಸಿಬಿಲಿಟಿ ಇಲ್ಲ, ಜಟಿಲ ಲಿಪಿಗಳ ಜೋಡಣೆಯೂ ಇಲ್ಲ ಎಂದು ಪರಿಚಯದಲ್ಲೇ ಬರೆದಿದ್ದಾರೆ. ಅದನ್ನು ಓದಿಯೂ, ಗ್ರಾಹಕರು ತುಂಬುವ ಫಾರಂಗೆ ಅಂಥ ಸಾಧನವನ್ನು ಎತ್ತಿಕೊಂಡವರನ್ನು ನಾನು ಪ್ರಶ್ನಿಸುತ್ತಿದ್ದೇನೆ. ಬ್ಲೆಂಡರ್‌ನಂಥ ಮೂರು ಆಯಾಮದ ಚಿತ್ರಶಾಲೆ ತನ್ನದೇ ಪರದೆ ಕಟ್ಟಿಕೊಂಡರೆ ಅದಕ್ಕೊಂದು ಕಾರಣವಿದೆ. ಬಿಲ್ಲಿಂಗ್ ಪ್ರೋಗ್ರಾಂಗೆ, ಆಸ್ಪತ್ರೆಯ ನೋಂದಣಿಗೆ, ಸಹಕಾರಿ ಬ್ಯಾಂಕಿನ ಲೆಡ್ಜರ್‌ಗೆ ಯಾವ ಕಾರಣ?

ಈಗ ಕನ್ನಡದ ಮಾತಿಗೆ ಬರೋಣ. ಇಲ್ಲಿ ಕಣ್ಣಿದ್ದವರೂ ಹೊರಗೆ ನಿಲ್ಲುತ್ತಾರೆ.

ಅಕ್ಷರಜೋಡಣೆ ಬಾರದ ಟೂಲ್‌ಕಿಟ್‌ನ ಪೆಟ್ಟಿಗೆಯಲ್ಲಿ ‘ಕರ್ನಾಟಕ’ ಎಂದು ಟೈಪ್ ಮಾಡಿ ನೋಡಿ. ನ ಆದಮೇಲೆ ಅರ್ಕಾವತ್ತು ಬರಬೇಕಾದಲ್ಲಿ ರ ಬಿಡಿಯಾಗಿ ಮೊದಲೇ ನಿಂತಿರುತ್ತದೆ, ಅದರ ಪಕ್ಕ ಹಲಂತದ ಗುರುತು, ಆಮೇಲೆ ನ, ಅದರಿಂದ ಬೇರೆಯಾಗಿ ದೀರ್ಘದ ಚಿಹ್ನೆ. ನಾಡಿನ ಹೆಸರೇ ಮುರಿದು ಬಿದ್ದಿದೆ. ‘ಸ್ತ್ರೀ’ ಎಂಬಲ್ಲಿ ಕಣ್ಣಿಗೆ ಕಾಣುವುದು ಒಂದು ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಆ ಆರನ್ನು ಒಂದು ಆಕಾರಕ್ಕೆ ಕೂಡಿಸುವುದು, ಕರ್ಸರ್ ಅದರ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು, ಕೀಲಿಮಣೆ ಕಳಿಸಿದ್ದನ್ನು ಸರಿಯಾಗಿ ಹಿಡಿಯುವುದು ಸಿಸ್ಟಂನ ಪಠ್ಯಪೆಟ್ಟಿಗೆ ಸದ್ದಿಲ್ಲದೆ ಮಾಡುವ ಕೆಲಸ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟ್ ಹೊತ್ತು ಬಂದಾಗಲೇ ಇದು ನಮ್ಮ ಮನೆಬಾಗಿಲಿಗೆ ಬಂದಿತ್ತು. ಜೋಡಣೆ ಸರಿಯಿದ್ದರೂ ವಿನ್ಯಾಸದವರು ಬಿಡುವುದಿಲ್ಲ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಪೆಟ್ಟಿಗೆ ಕೂರಿಸುತ್ತಾರೆ, ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ.

ಪ್ರೋಗ್ರಾಂ ಒಂದು ಅಕ್ಷರವನ್ನು ತನ್ನದೇ ರೀತಿಯಲ್ಲಿ ಕೂರಿಸಲು ಹೊರಟರೆ ಒಂದು ಭಾಷೆ ಎಷ್ಟು ತೆರಬೇಕಾಗುತ್ತದೆ ಎಂಬುದನ್ನು ನಮ್ಮ ಡಿಟಿಪಿ ಅಂಗಡಿಗಳನ್ನು ಕೇಳಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. ಅದಕ್ಕೆ ಹೊಂದಿಕೊಂಡು ನಾವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟು ಪುಟ ಕಟ್ಟಿದೆವು. ಎಷ್ಟೋ ವರ್ಷಗಳ ಕನ್ನಡ ಪುಸ್ತಕಗಳ ಕಡತಗಳು ಹಾಗೆಯೇ ಉಳಿದಿವೆ. ಕಂಪ್ಯೂಟರ್ ಅವನ್ನು ಕನ್ನಡವೆಂದು ಗುರುತಿಸುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ಓದಿದರೆ ಅರ್ಥವಿಲ್ಲದ ಇಂಗ್ಲಿಷ್ ಸದ್ದು. ಇನ್‌ಡಿಸೈನ್‌ನಲ್ಲೂ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಬೇಕೆಂದು ಗೊತ್ತಿಲ್ಲದವರು ಯೂನಿಕೋಡ್ ಕನ್ನಡ ಒಡೆದುಹೋಯಿತೆಂದು ಹಳೆಯ ಫಾಂಟ್‌ಗೇ ಮರಳುತ್ತಾರೆ.

ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು, ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಎಲ್ಲರೂ ಬೈಯುವ ಎಲೆಕ್ಟ್ರಾನ್, ಒಂದು ಸಣ್ಣ ಪ್ರೋಗ್ರಾಂಗೆ ಇಡೀ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತಂದು ಮೆಮೊರಿ ನುಂಗುತ್ತದೆ. ಆದರೂ ಆ ಬ್ರೌಸರ್‌ನೊಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಇರುವುದರಿಂದ ಕನ್ನಡ ಸರಿಯಾಗಿ ಕೂರುತ್ತದೆ, ಸ್ಕ್ರೀನ್ ರೀಡರ್‌ಗೂ ದಾರಿಯಿದೆ. ಹಗುರ, ವೇಗ ಎಂದು ಮೆರೆಯುವ ಎಷ್ಟೋ ಹೊಸ ಟೂಲ್‌ಕಿಟ್‌ಗಳಿಗಿಂತ ಕನ್ನಡಿಗರ ಪಾಲಿಗೆ ಅದೇ ವಾಸಿ. ಹಾರ್ಫ್‌ಬಜ್ ಉಚಿತವಾಗಿ ಸಿಗುವ ಲೈಬ್ರರಿ. ಅದನ್ನು ಜೋಡಿಸದಿರುವುದಕ್ಕೆ ದುಡ್ಡಿನ ನೆಪವಂತೂ ಇಲ್ಲ.

ಸಿಸ್ಟಂ ಕಂಪನಿಗಳೂ ಸಾಚಾ ಅಲ್ಲ, ಬಿಡಿ. ಮೈಕ್ರೋಸಾಫ್ಟ್ 2002ರಲ್ಲಿ ವಿನ್‌ಫಾರ್ಮ್ಸ್, 2006ರಲ್ಲಿ ಡಬ್ಲ್ಯೂಪಿಎಫ್, 2015ರಲ್ಲಿ ಯುಡಬ್ಲ್ಯೂಪಿ, ಆಮೇಲೆ ವಿನ್‌ಯುಐ ಎಂದು ಪರದೆ ಕಟ್ಟುವ ದಾರಿ ಬದಲಿಸುತ್ತಲೇ ಇದೆ. ಆಪಲ್ 1999ರ ಕ್ವಿಕ್‌ಟೈಮ್ 4ರಲ್ಲಿ ತಾನೇ ಬರೆದ ನಿಯಮ ಮುರಿದು, ಧ್ವನಿ ಹೆಚ್ಚಿಸಲು ಮೌಸ್‌ನಿಂದ ಉರುಳಿಸುವ ಚಕ್ರದ ಚಿತ್ರವಿಟ್ಟು ನಗೆಪಾಟಲಾಯಿತು. ಇವರನ್ನು ನಂಬಿ ಹೇಗೆ ಕಟ್ಟುವುದು ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಸಾಲವನ್ನು ಕಣ್ಣು ಕಾಣದವರು ತೀರಿಸಬೇಕೇ?

ಇದು ದಯೆಯ ವಿಷಯವಾಗಿಯೂ ಉಳಿದಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿ ಇಲ್ಲದವರು ಇ-ಕೆವೈಸಿ ತೊಡಕಿನ ಬಗ್ಗೆ ಕೋರ್ಟಿಗೆ ಹೋದಾಗ, ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಆಕ್ಸೆಸಿಬಿಲಿಟಿಗೆ ಐಎಸ್ 17802 ಎಂಬ ಭಾರತೀಯ ಮಾನಕವೂ ಇದೆ. ಸಾಫ್ಟ್‌ವೇರ್ ಟೆಂಡರ್ ಬರೆಯುವ ಅಧಿಕಾರಿಗಳು ಅದನ್ನು ಷರತ್ತಾಗಿ ಹಾಕಲಿ, ಕನ್ನಡದ ಪಠ್ಯಪೆಟ್ಟಿಗೆಯನ್ನು ತಾವೇ ಕೂತು ಪರೀಕ್ಷಿಸಿದ ಮೇಲೆ ಬಿಲ್ಲಿಗೆ ಸಹಿ ಮಾಡಲಿ.

ನಿಮ್ಮಲ್ಲಿ ಕೇಳುವುದು ಇನ್ನೂ ಕಡಿಮೆ. ಈ ವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮೌಸ್ ಕಿತ್ತಿಟ್ಟು ಕೀಲಿಮಣೆಯೊಂದರಲ್ಲೇ ನಿಮ್ಮ ಪ್ರೋಗ್ರಾಂನ ಮೊದಲ ಪರದೆಯಿಂದ ಕೊನೆಯ ಪರದೆವರೆಗೆ ಹೋಗಿ ಬನ್ನಿ. ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆಫ್ ಮಾಡಿ, ಒಂದು ಫಾರಂ ತುಂಬಿ. ಹೆಸರಿನ ಜಾಗದಲ್ಲಿ ಕನ್ನಡದ ಹೆಸರು ಬರೆಯಿರಿ. ಎಲ್ಲಿ ಸಿಕ್ಕಿಬಿದ್ದಿರೋ ಅದನ್ನು ಕ್ರ್ಯಾಶ್‌ಗೆ ಕೊಡುವಷ್ಟೇ ಗಂಭೀರ ಬಗ್ ಎಂದು ನಿಮ್ಮ ಹೆಸರಿನಲ್ಲೇ ದಾಖಲಿಸಿ. ಮುಂದಿನ ರಿಲೀಸ್‌ನಲ್ಲಿ ನೋಡೋಣ ಎಂದು ಮ್ಯಾನೇಜರ್ ಹೇಳಿದರೆ, ಈ ರಿಲೀಸನ್ನೇ ತಡೆಯಿರಿ ಎಂದು ಸಭೆಯಲ್ಲಿ ಎದ್ದುನಿಂತು ಹೇಳಿ.