ಲೆಕ್ಕಪತ್ರಕ್ಕೆ ಬಾರದ ಪಾಲುದಾರ: ಜೇನುನೊಣ ಮತ್ತು ನಮ್ಮ ಉದ್ದಿಮೆ

ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರವನ್ನು ಕೀಟಶಾಸ್ತ್ರಜ್ಞರು ಬಲ್ಲಷ್ಟು ನಮ್ಮ ವರ್ತಕ ಬಾಂಧವರು ಬಲ್ಲರೋ ಇಲ್ಲವೋ ಸಂದೇಹ. ಒಂದೇ ಮರದಲ್ಲಿ ನೂರಾರು ಹೆಜ್ಜೇನು ಗೂಡುಗಳು ತೂಗುವುದರಿಂದ ಅದು ‘ಜೇನುಮರ’ವೆಂದೇ ಪ್ರಸಿದ್ಧವಾಗಿದೆ. ಮಳೆಗಾಲ ಕಳೆದ ಮೇಲೆ ಬಂದು ನೆಲೆಸುವ ಹೆಜ್ಜೇನು ಮುಂದಿನ ಮಳೆಗಾಲದ ಹೊತ್ತಿಗೆ ಗೂಡು ತೊರೆದು ವಲಸೆ ಹೋಗುತ್ತದೆ. ಮರುವರ್ಷ ಮತ್ತೆ ಬರುತ್ತದೆ. ಅಸ್ಸಾಮಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ವಲಸೆ ಹೋದ ಹೆಜ್ಜೇನು ಕುಟುಂಬಗಳು ತಮ್ಮ ಹಳೆಯ ತಾಣಕ್ಕೇ ಹಿಂದಿರುಗುತ್ತವೆಂಬುದನ್ನು ವಂಶವಾಹಿ ಪರೀಕ್ಷೆಯಿಂದ ತೋರಿಸಿಕೊಟ್ಟಿತು. ನಮ್ಮ ಹಿರಿಯರು ಪರೀಕ್ಷೆಯಿಲ್ಲದೆಯೇ ಇದನ್ನು ನಂಬಿದ್ದರೆಂಬುದು ಬೇರೆ ಮಾತು.

ವಾಣಿಜ್ಯ ಪತ್ರಿಕೆಯಲ್ಲಿ ಜೇನಿನ ಪ್ರಸ್ತಾಪವೇಕೆಂದು ಓದುಗರು ಕೇಳಬಹುದು. ಜೇನುತುಪ್ಪದ ವ್ಯಾಪಾರ ನಮ್ಮಲ್ಲಿ ಕೆಲವರಿಗೆ ಮಾತ್ರ ಸಂಬಂಧಿಸಿದ್ದು. ನನ್ನ ಉದ್ದೇಶ ಅದಲ್ಲ. ಪರಾಗಸ್ಪರ್ಶ ಎಂಬ ಸೇವೆಯನ್ನು ನಾವು ಬೆಲೆ ಕೊಡದೆ ಪಡೆಯುತ್ತಿದ್ದೇವೆ, ಅದರ ಪೂರೈಕೆ ಕುಸಿಯುತ್ತಿದ್ದರೂ ಗಮನಿಸುತ್ತಿಲ್ಲ ಎಂಬುದೇ ನನ್ನ ಆಕ್ಷೇಪ. ಜಗತ್ತಿನ 115 ಪ್ರಮುಖ ಆಹಾರ ಬೆಳೆಗಳಲ್ಲಿ 87 ಬೆಳೆಗಳು ಒಂದಲ್ಲ ಒಂದು ಪ್ರಮಾಣದಲ್ಲಿ ಪ್ರಾಣಿ-ಕೀಟಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆಯೆಂದು 2007ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು.

ಈ ಮಾತು ನಮಗೆ ಎಲ್ಲಿ ತಟ್ಟುತ್ತದೆಂಬುದಕ್ಕೆ ಮಿಡಿಸೌತೆಯೇ ಸಾಕ್ಷಿ. 1990ರ ದಶಕದಿಂದೀಚೆಗೆ ಗುತ್ತಿಗೆ ಬೇಸಾಯದ ಮೂಲಕ ಕರ್ನಾಟಕದಲ್ಲಿ ಬೆಳೆದು ನಿಂತ ಈ ರಫ್ತು ಉದ್ದಿಮೆಯಲ್ಲಿ ಕಂಪನಿಯು ಬೀಜ, ಗೊಬ್ಬರ, ಔಷಧ, ಮೇಲ್ವಿಚಾರಣೆ ಎಲ್ಲವನ್ನೂ ರೈತನಿಗೆ ಒದಗಿಸುತ್ತದೆ. ಆದರೆ ಬಯಲಿನಲ್ಲಿ ಬೆಳೆಯುವ ಹಲವು ತಳಿಗಳಲ್ಲಿ ಹೆಣ್ಣುಹೂವಿಗೆ ಜೇನುನೊಣ ಹಲವಾರು ಬಾರಿ ಭೇಟಿ ಕೊಡದಿದ್ದರೆ ಕಾಯಿ ಕಟ್ಟುವುದಿಲ್ಲ. ಕಟ್ಟಿದರೂ ಸೊಟ್ಟಗಾಗುತ್ತದೆ, ತುದಿ ಸಣ್ಣದಾಗುತ್ತದೆ. ಅಂತಹ ಕಾಯಿ ವಿಂಗಡಣೆಯ ಮೇಜಿನಲ್ಲಿ ತಿರಸ್ಕೃತವಾಗುತ್ತದೆ. ರೈತ ಬೀಜವನ್ನು ದೂರುತ್ತಾನೆ, ಕಂಪನಿ ರೈತನನ್ನು ದೂರುತ್ತದೆ. ಆ ಹೊಲಕ್ಕೆ ನೊಣ ಬಂದಿತ್ತೇ ಎಂದು ಇಬ್ಬರೂ ಕೇಳುವುದಿಲ್ಲ. ಕುಂಬಳ, ಹೀರೆ, ಹಾಗಲ, ಕಲ್ಲಂಗಡಿಗಳ ಕಥೆಯೂ ಇದೇ. ದ್ರಾಕ್ಷಿಗೆ ಜೇನಿನ ಹಂಗು ಬಹುಮಟ್ಟಿಗೆ ಇಲ್ಲವೆಂಬುದು ನಿಜ. ಆದರೆ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧ ಪಕ್ಕದ ಕುಂಬಳದ ಹೂವಿಗೂ ತಾಗುತ್ತದಲ್ಲ!

ನಮ್ಮ ಜೇನಿಗೆ ಬಂದ ಮೊದಲ ದೊಡ್ಡ ಪೆಟ್ಟು ಔಷಧದ್ದಲ್ಲ, ರೋಗದ್ದು. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಹರಡಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಮರಿಹುಳುಗಳನ್ನು ನೀರು ತುಂಬಿದ ಚೀಲಗಳಂತೆ ಮಾಡಿ ಕೊಂದಿತು. ಶೇಕಡ 90ಕ್ಕೂ ಮಿಕ್ಕ ಕುಟುಂಬಗಳು ನಾಶವಾದವು. ಬದುಕುಳಿದ ಕುಟುಂಬಗಳಿಂದಲೇ ಸಾಕಣೆ ನಿಧಾನವಾಗಿ ಚೇತರಿಸಿಕೊಂಡಿತು. ಬಳಿಕ ಯುರೋಪಿನ ಮೆಲ್ಲಿಫೆರಾ ಜೇನು ಇಲ್ಲಿಯೂ ಬಳಕೆಗೆ ಬಂದಿತು. ಪೆಟ್ಟಿಗೆಗಳನ್ನು ಹಂಚಿಬಿಟ್ಟರೆ ಸಮಸ್ಯೆ ತೀರಿತೆಂಬ ಭಾವನೆ ಸರ್ಕಾರಿ ವಲಯದಲ್ಲಿ ಆಗಾಗ ಕಾಣುತ್ತದೆ. ನಾನು ಅದನ್ನು ಒಪ್ಪಲಾರೆ. ಸುತ್ತ ಹೂವಿಲ್ಲದ ಕಡೆ ಪೆಟ್ಟಿಗೆಯಿಡುವುದೆಂದರೆ ಕಚ್ಚಾಮಾಲಿಲ್ಲದ ಊರಿನಲ್ಲಿ ಗಿರಣಿ ಸ್ಥಾಪಿಸಿದಂತೆ.

ಇದಕ್ಕೆ ಆಧಾರ ನಮ್ಮ ನೆರೆಯಲ್ಲೇ ಇದೆ. ಜೇನುನೊಣ ತಾನು ಕಂಡ ಹೂವಿನ ದೂರವನ್ನು ಕುಣಿತದ ಮೂಲಕ ಸಂಗಾತಿಗಳಿಗೆ ತಿಳಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರೂ ಅವರ ಜರ್ಮನ್ ಸಹೋದ್ಯೋಗಿಗಳೂ ಕೂಡಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ತುಡುವೆ, ಕೋಲುಜೇನು, ಹೆಜ್ಜೇನುಗಳ ಕುಣಿತವನ್ನು ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಲ್ಲಿ ಆಹಾರಕ್ಕಾಗಿ ಅತಿ ಕಡಿಮೆ ದೂರ ಹೋಗುವುದು ತುಡುವೆ, ಅತಿ ಹೆಚ್ಚು ದೂರ ಹೋಗುವುದು ಹೆಜ್ಜೇನು. ಎಂದರೆ, ಒಂದು ಬಡಾವಣೆಗಾಗಿ ಗುಂಡುತೋಪೊಂದು ಉರುಳಿದರೆ ಹೆಜ್ಜೇನು ಮುಂದಿನ ಊರಿಗೆ ಹಾರೀತು. ತುಡುವೆಗೆ ಆ ಅನುಕೂಲವಿಲ್ಲ. ನೀಲಗಿರಿ ತೋಪುಗಳ ವಿಷಯವೂ ಹೀಗೆಯೇ ಸೂಕ್ಷ್ಮ. ಅಂತರ್ಜಲದ ಹಿತಕ್ಕಾಗಿ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಸರಿಯೇ. ಆದರೆ ನೀಲಗಿರಿಯ ಹೂವು ಜೇನಿಗೆ ಒಳ್ಳೆಯ ಮೇವಾಗಿತ್ತು. ಕಡಿದ ಜಾಗದಲ್ಲಿ ಹೊಂಗೆ, ಹುಣಸೆ, ನೇರಳೆ ಬಾರದೆ ನಿವೇಶನಗಳೇ ಬಂದರೆ ಆ ಮೇವಿನ ಖಾತೆ ಬರಿದಾದಂತೆಯೇ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅಂತಹ ತೋಪುಗಳು ಪ್ರತಿ ಹೋಬಳಿಗೂ ಬೇಕು.

ಕಾರ್ಖಾನೆ ನಡೆಸುವವರಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಶೋಧನೆಯೂ ಅದೇ 2020ರಲ್ಲಿ ಅದೇ ಸಂಸ್ಥೆಯಿಂದ ಹೊರಬಂದಿತು. ಬೆಂಗಳೂರು ಪ್ರದೇಶದಲ್ಲಿ ಧೂಳಿನ ಪ್ರಮಾಣ ಭಿನ್ನವಾಗಿರುವ ಸ್ಥಳಗಳಿಂದ 1,800ಕ್ಕೂ ಹೆಚ್ಚು ಹೆಜ್ಜೇನುನೊಣಗಳನ್ನು ಪರೀಕ್ಷಿಸಲಾಗಿತ್ತು. ಮಾಲಿನ್ಯ ಹೆಚ್ಚಿದ ಸ್ಥಳಗಳಲ್ಲಿ ನೊಣಗಳು ಹೂವಿಗೆ ಬರುವುದೇ ಕಡಿಮೆ. ಬಂದವುಗಳ ಮೈಮೇಲೆ ಸೀಸ, ಆರ್ಸೆನಿಕ್‌ನಂತಹ ಲೋಹಾಂಶಗಳಿದ್ದ ಕಣಗಳು, ಲಯ ತಪ್ಪಿದ ಹೃದಯ ಬಡಿತ. ಅಲ್ಲಿಂದ ಹಿಡಿದು ತಂದವುಗಳಲ್ಲಿ ಶೇಕಡ 80ಕ್ಕೂ ಮಿಕ್ಕವು ಒಂದು ದಿನದೊಳಗೆ ಸತ್ತವು. ಬಾಯ್ಲರ್ ಹೊಗೆಯ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬಂದಾಗ ಮಾತ್ರ ಯೋಚಿಸುವ ಅಭ್ಯಾಸ ನಮ್ಮದು. ಅದೇ ಧೂಳು ನಮಗೆ ತರಕಾರಿ ಒದಗಿಸುವ ಹೊಲಗಳ ಮೇಲೂ ಇಳಿಯುತ್ತದೆ.

ಇನ್ನು ಗೂಡುಗಳ ವಿಷಯ. ಕೈಗಾರಿಕಾ ಪ್ರದೇಶಗಳಲ್ಲಿ ನೀರಿನ ಟ್ಯಾಂಕಿನ ಅಡಿಯಲ್ಲೋ ಷೆಡ್ಡಿನ ಸೂರಿನಲ್ಲೋ ಹೆಜ್ಜೇನು ಕಟ್ಟಿದೊಡನೆ ಕೀಟನಾಶಕ ಹೊಡೆಯುವವರನ್ನು ಕರೆಸುವುದು ರೂಢಿಯಾಗಿದೆ. ಕಾರ್ಮಿಕರ ಸುರಕ್ಷತೆ ಮಾಲೀಕನ ಹೊಣೆ. ಹೆಜ್ಜೇನು ದಾಳಿಯಿಂದ ಪ್ರಾಣಹಾನಿಯಾಗುವುದೂ ಸುಳ್ಳಲ್ಲ. ಸರಕು ಏರಿಸುವ ಕಟ್ಟೆಯ ನೆತ್ತಿಯ ಮೇಲೆ ಗೂಡಿದ್ದರೆ ಅನುಭವಸ್ಥರಿಂದ ಅದನ್ನು ತೆರವುಗೊಳಿಸಲೇಬೇಕು. ಆದರೆ ಎತ್ತರದಲ್ಲಿ, ಜನಸಂಚಾರವಿಲ್ಲದ ಕಡೆ ಇರುವ ಗೂಡನ್ನು ಕೆಣಕದಿದ್ದರೆ ಕೆಲವೇ ತಿಂಗಳಲ್ಲಿ ಅದು ತಾನಾಗಿಯೇ ಖಾಲಿಯಾಗುತ್ತದೆ. ಒಂದು ಎಚ್ಚರಿಕೆಯ ಫಲಕ, ಗೂಡಿನ ಬಳಿಯ ರಾತ್ರಿ ದೀಪ ಆರಿಸುವುದು, ಅದರ ಅಡಿಯಲ್ಲಿ ಹೊಗೆ ಹಾಕದಿರುವುದು, ಇಷ್ಟೇ ಖರ್ಚು.

ಔಷಧ ಮಾರಾಟಗಾರ ಸದಸ್ಯರೂ ಇದನ್ನು ಓದುತ್ತಾರೆಂದು ಬಲ್ಲೆ. ಇಮಿಡಾಕ್ಲೋಪ್ರಿಡ್ ಸೇರಿದಂತೆ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸದಂತೆ ಯುರೋಪಿನ ಒಕ್ಕೂಟ 2018ರಲ್ಲಿ ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಅದು ಮಾರಾಟವಾಗುತ್ತಲೇ ಇದೆ. ಅಂಗಡಿ ಮುಚ್ಚಿರೆಂದು ನಾನು ಹೇಳುತ್ತಿಲ್ಲ. ಹೂ ಬಿಟ್ಟ ಬೆಳೆಗೆ ಹೊಡೆಯಬೇಡಿ, ಹೊಡೆಯಲೇಬೇಕಾದರೆ ಸಂಜೆ ನೊಣಗಳು ಗೂಡು ಸೇರಿದ ಮೇಲೆ ಹೊಡೆಯಿರಿ ಎಂಬ ಎರಡು ಮಾತನ್ನು ಡಬ್ಬಿಯ ಜೊತೆಗೆ ಕೊಡಲು ಬಂಡವಾಳ ಬೇಡ. ರೇಷ್ಮೆಹುಳು ಸಾಯುತ್ತದೆಂದು ಹಿಪ್ಪುನೇರಳೆ ತೋಟದ ಸುತ್ತ ಔಷಧ ಹೊಡೆಯಲು ಅಂಜುವ ರೈತ ವಿಜಯಪುರದ ಗೂಡಿನ ಮಾರುಕಟ್ಟೆಗೆ ಬರುವ ಪ್ರತಿಯೊಬ್ಬನೂ ಹೌದು. ಆ ಎಚ್ಚರವನ್ನು ಜೇನಿಗೂ ವಿಸ್ತರಿಸುವುದು ಅವನಿಗೆ ಕಷ್ಟವಾಗದು.

ಅಮೆರಿಕದ ಬಾದಾಮಿ ಬೆಳೆಗಾರರು ಹೂವಿನ ಕಾಲದಲ್ಲಿ ಬಾಡಿಗೆ ತೆತ್ತು ಜೇನುಪೆಟ್ಟಿಗೆ ತರಿಸುತ್ತಾರೆ. ಹಿಮಾಚಲದ ಸೇಬು ತೋಟಗಳಲ್ಲೂ ಈ ಪದ್ಧತಿಯಿದೆ. ಮಿಡಿಸೌತೆ ಹಾಗೂ ತರಕಾರಿ ಬೀಜೋತ್ಪಾದನೆಯ ಕಂಪನಿಗಳು ಬೀಜ-ಗೊಬ್ಬರದ ಪಟ್ಟಿಗೆ ತುಡುವೆ ಪೆಟ್ಟಿಗೆಯ ಬಾಡಿಗೆಯನ್ನೂ ಸೇರಿಸಿ ಒಂದು ಹಂಗಾಮು ಪ್ರಯೋಗ ನಡೆಸಲಿ. ಪೆಟ್ಟಿಗೆಯಿಟ್ಟ ಹೊಲ, ಇಡದ ಹೊಲಗಳ ತಿರಸ್ಕೃತ ಕಾಯಿಯ ತೂಕವನ್ನು ಬೇರೆ ಬೇರೆ ಬರೆದಿಡಲಿ. ಕೃಷಿ ವಿಶ್ವವಿದ್ಯಾನಿಲಯದ ಜೇನುಕೃಷಿ ವಿಭಾಗ ಹೆಬ್ಬಾಳದ ಆಚೆಯೇ ಇದೆ. ಸಲಹೆಗಾಗಿ ದೂರ ಹೋಗಬೇಕಾಗಿಲ್ಲ. ಹಾಗೆಯೇ ಕಾರ್ಖಾನೆಗಳ ಹಸಿರು ಪಟ್ಟಿಯಲ್ಲಿ ಅಲಂಕಾರದ ತಾಳೆ, ಹುಲ್ಲುಹಾಸುಗಳ ಬದಲು ಹೊಂಗೆ, ಬೇವು, ನೇರಳೆ ನೆಡುವ ನಿರ್ಣಯವನ್ನು ಸಂಸ್ಥೆಯ ಕಾರ್ಯಕಾರಿ ಸಮಿತಿ ಮುಂದಿನ ಮಳೆಗಾಲಕ್ಕೆ ಮುನ್ನವೇ ಕೈಗೊಳ್ಳಬೇಕೆಂದು ಕೋರುತ್ತೇನೆ. ಸಸಿ ನೆಡಲು ಅದೇ ಸಕಾಲ.